ಏನಾಗೈತಿ ಅದನ್ನ ಹೇಳು

ಈ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ರೊಟ್ಟಿ ಮಾಡಲೆಂದು ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದಾಗ ಮುಗ್ಗಿದ ವಾಸನೆ ಮೂಗಿಗೆ ಬಡಿಯಿತು. ತೇವ ತಾಕಿದ ಜೋಳದ ಹಿಟ್ಟಿನ ವಾಸನೆ ನಿಮಗೂ ಗೊತ್ತಿರಬಹುದು. ಹಳೆಯ ಗೋಣಿಚೀಲ, ಮಳೆಗೆ ನೆಂದ ಮಣ್ಣಿನ ಗೋಡೆ, ಬಹಳ ದಿನ ಬಾಗಿಲು ತೆರೆಯದ ಕೋಣೆ, ಈ ಮೂರೂ ಸೇರಿದಂಥ ವಾಸನೆ ಅದು. ಪಕ್ಕದಲ್ಲಿ ನಿಂತಿದ್ದ ನನ್ನ ಮಗಳು ಮೂಗು ಮುಚ್ಚಿಕೊಂಡು, "ಅವ್ವ, ಹಿಟ್ಟು ಕೆಟ್ಟೈತಿ, ಚೆಲ್ಲು" ಅಂದಳು. ನಾನು ಡಬ್ಬಿ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಪಡಸಾಲೆಯ ಕಂಬದ ಕಡೆಯಿಂದ ಒಂದು ಮಾತು ಬರಬೇಕಾಗಿತ್ತು. ನನಗೆ ಬುದ್ಧಿ ತಿಳಿದಾಗಿನಿಂದ ನಮ್ಮ ಮನೆಯಲ್ಲಿ ಯಾರು ಆ ಶಬ್ದ ಆಡಿದರೂ ತಪ್ಪದೆ ಬರುತ್ತಿದ್ದ ಮಾತು. "ಕೆಟ್ಟೈತಿ ಅಂದ್ರ ಏನು? ಏನಾಗೈತಿ ಅದನ್ನ ಹೇಳು." ಆ ದಿನ ಬರಲಿಲ್ಲ. ಕೊಟ್ರತ್ತಿ ತೀರಿಕೊಂಡು ಆಗ ಎರಡು ತಿಂಗಳಾಗಿತ್ತು.

ಕೊಟ್ರತ್ತಿ ಎಂದರೆ ಕೊಟ್ರಮ್ಮ, ನನ್ನ ತಂದೆಯ ತಂಗಿ, ನನ್ನ ಸೋದರತ್ತೆ. ನಮ್ಮೂರು ಹಲವಾಗಲಿಗೆ ಹತ್ತಿರ, ಹೊಳೆಯ ದಂಡೆಯ ಕರಿ ಮಣ್ಣಿನ ಎರೆ ಸೀಮೆ. ನನ್ನ ತಾಯಿ ನನಗೆ ಎರಡು ವರ್ಷವಿದ್ದಾಗ ಹೋದಳು. ಅಪ್ಪ ಲಾರಿಯ ಮೇಲೆ ಇರುತ್ತಿದ್ದ, ಮೂರು ತಿಂಗಳಿಗೊಮ್ಮೆ ಬಂದರೆ ಬಂದ. ಮನೆಯ ಯಜಮಾನಿಕೆ ದೊಡ್ಡಪ್ಪನದು, ಅಡುಗೆಮನೆ ದೊಡ್ಡವ್ವನದು, ನಾನು ಮಾತ್ರ ಅತ್ತೆಯವಳು. ಅವಳ ಸೆರಗಿನಲ್ಲಿ ಮಲಗಿ ಎದ್ದು, ಅವಳ ತಟ್ಟೆಯಲ್ಲೇ ಉಂಡು ಬೆಳೆದೆ. ಬೆಣ್ಣೆ ಕಾಯಿಸಿದ ಗಡಿಗೆಯ ತಳದ ಗಸಿ ನನಗೆ, ಮೊದಲ ರೊಟ್ಟಿಯ ಉಬ್ಬಿದ ಪದರ ನನಗೆ, ಹರಪನಹಳ್ಳಿ ಸಂತೆಯಿಂದ ಬಂದ ಬಳೆಯಲ್ಲಿ ಆರಿಸುವ ಮೊದಲ ಹಕ್ಕು ನನಗೆ. ಓಣಿಯ ಹೆಂಗಸರು ಬಾವಿಯ ಹತ್ತಿರ, "ಕೊಟ್ರವ್ವ, ಹುಡುಗೀನ ಮುದ್ದು ಮಾಡಿ ಕೆಡಿಸೀದಿ ನೋಡು" ಅನ್ನುತ್ತಿದ್ದರು. ಅತ್ತೆ ಕೊಡ ತುಂಬಿಸುತ್ತ ನಗುತ್ತಿದ್ದಳು. "ಏನ್ ಕೆಟ್ಟೈತವ್ವ ಅಕಿಗಿ? ಕಣ್ಣು ಕೆಟ್ಟಾವೋ, ಕಾಲು ಕೆಟ್ಟಾವೋ? ಹಟ ಮಾಡ್ತಾಳ ಅನ್ನು, ಒಪ್ಕಂತೀನಿ. ಸುಳ್ಳು ಹೇಳ್ತಾಳ ಅನ್ನು, ಬಾರಿಸ್ತೀನಿ. ಸುಮ್ಮನ ಕೆಟ್ಟಾಳ ಅಂದ್ರ ನಾ ಏನು ಮಾಡ್ಲಿ, ತಿಪ್ಪಿಗಿ ಚೆಲ್ಲಿ ಬರ್ಲೇನು?"

ಆ ಶಬ್ದ ಅವಳಿಗೆ ಸೇರುತ್ತಿರಲಿಲ್ಲ. ಬೈಗುಳ ಸೇರುತ್ತಿತ್ತು, ಅವಳೇ ಚೆನ್ನಾಗಿ ಬೈಯುತ್ತಿದ್ದಳು. ಆದರೆ ಹಾಲಿನ ಪಾತ್ರೆ ತೋರಿಸಿ ಕೆಟ್ಟಿದೆ ಎಂದರೆ ಬಿಡುತ್ತಿರಲಿಲ್ಲ. ಒಡೆದಿದೆ ಎನ್ನಬೇಕು. ಒಡೆದದ್ದಾದರೆ ಬೆಲ್ಲ ಹಾಕಿ ಕಾಯಿಸಿ ಮಕ್ಕಳಿಗೆ ಕೊಡಬಹುದು. ಅನ್ನ ಹಳಸಿದೆ, ಶೇಂಗಾ ಕನರಾಗಿದೆ, ಬೆಲ್ಲ ನೀರು ಬಿಟ್ಟಿದೆ, ರೊಟ್ಟಿಗೆ ಬೂಜು ಬಂದಿದೆ, ಬದನೆಕಾಯಿಗೆ ಹುಳ ಬಿದ್ದಿದೆ, ಮಜ್ಜಿಗೆ ಹುಳಿಯಾಗಿದೆ. ಹೀಗೆ ಒಂದೊಂದಕ್ಕೆ ಒಂದೊಂದು ಮಾತು, ಒಂದೊಂದು ಮಾತಿಗೆ ಒಂದೊಂದು ದಾರಿ. ಹುಳಿಯಾದ ಮಜ್ಜಿಗೆ ತಾಮ್ರದ ಕೊಡ ತಿಕ್ಕಲಿಕ್ಕೆ ಹೋಗುತ್ತಿತ್ತು. ಹುಳ ಬಿದ್ದ ಬದನೆಯಲ್ಲಿ ಅರ್ಧ ಉಳಿಯುತ್ತಿತ್ತು. ಕನರಾದ ಶೇಂಗಾ ಎಣ್ಣೆಯಾಗಿ ದೀಪಕ್ಕೆ ಸೇರುತ್ತಿತ್ತು. ಹಳಸಿದ ಅನ್ನವನ್ನು ಮಾತ್ರ ಅವಳು ಯಾರಿಗೂ ಉಣ್ಣಿಸುತ್ತಿರಲಿಲ್ಲ. ಅವಳದು ಜಿಪುಣತನ ಅಲ್ಲ. ನೋಡದೆ ತೀರ್ಪು ಕೊಡುವುದು ಅವಳಿಗೆ ಆಗುತ್ತಿರಲಿಲ್ಲ, ಅಷ್ಟೆ. ಕೊನೆಗಾಲದಲ್ಲಿ ಹರಪನಹಳ್ಳಿಯ ಆಸ್ಪತ್ರೆಯೊಂದರಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಕಾಗದ ನೋಡಿ ನನಗೆ ಮೆಲ್ಲಗೆ, "ಕಿಡ್ನಿ ಎರಡೂ ಕೆಟ್ಟಿವೆ" ಎಂದಾಗ ಮಂಚದ ಮೇಲಿಂದ ಅವಳೇ ಕೇಳಿದಳು, "ಕೆಟ್ಟಾವು ಅಂದ್ರ ಏನಪ್ಪ? ಏನಾಗ್ಯಾವ ಅದನ್ನ ಹೇಳು." ಆ ಹುಡುಗ ಪುಣ್ಯಾತ್ಮ, ಸ್ಟೂಲು ಎಳೆದುಕೊಂಡು ಕೂತು, ಕಾಗದದ ಹಿಂದೆ ಚಿತ್ರ ಬರೆದು ಹೇಳಿದ. ಅತ್ತೆ ಎಲ್ಲ ಕೇಳಿಸಿಕೊಂಡು, "ಈಗ ತಿಳೀತು ನೋಡು" ಅಂದಳು, ಒಂದು ಸಾಮಾನಿನ ಬೆಲೆ ಗೊತ್ತಾದವಳ ಹಾಗೆ.

ನಾನು ಹೇಳಬೇಕೆಂದಿರುವುದು ನನ್ನ ಹತ್ತನೇ ವಯಸ್ಸಿನ ಶ್ರಾವಣದ ಮಾತು. ಆಗ ನಮ್ಮ ಮನೆಯ ಒಳಕೋಣೆಯಲ್ಲಿ ನನ್ನ ಎದೆಯ ಮಟ್ಟದ ಒಂದು ಮಣ್ಣಿನ ಗುಡಾಣ ಇತ್ತು. ಅದರಲ್ಲಿ ಹಿಂಗಾರಿಯ ಬಿತ್ತನೆಗೆಂದು ಇಟ್ಟ ಬಿಳಿಜೋಳದ ಬೀಜ. ಸುಗ್ಗಿಯಲ್ಲಿ ರಾಶಿ ಆಗುವ ಮೊದಲೇ ಅತ್ತೆ ಹೊಲದಲ್ಲಿ ತಿರುಗಿ ಹಸನಾದ ತೆನೆ ಆರಿಸಿ ಮುರಿದು ತರುತ್ತಿದ್ದಳು. ಅವನ್ನು ಜಂತೆಗೆ ತೂಗುಹಾಕಿ, ಕೈಯಿಂದ ಉಜ್ಜಿ ಕಾಳು ಬಿಡಿಸಿ, ಬೂದಿ ಮತ್ತು ಬೇವಿನ ಎಲೆ ಬೆರೆಸಿ ತುಂಬಿ, ಗುಡಾಣದ ಬಾಯಿಗೆ ಸೆಗಣಿ ಮಣ್ಣು ಮೆತ್ತುತ್ತಿದ್ದಳು. ಉತ್ತರಿ ಮಳೆ ಬಿದ್ದು ಎರೆ ಹದವಾಗುವವರೆಗೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ದೊಡ್ಡಪ್ಪನ ಅಜ್ಜನ ಕಾಲದಿಂದ ಅದೇ ಬೀಜ ಹೊಲಕ್ಕೆ ಹೋಗಿ ಮನೆಗೆ ಬರುತ್ತಿತ್ತಂತೆ. ಅದರ ರೊಟ್ಟಿ ಮೂರು ದಿನ ಇಟ್ಟರೂ ಮೆತ್ತಗಿರುತ್ತಿತ್ತು. ಓಣಿಯ ನಾಲ್ಕಾರು ಮನೆಯವರು ಬೀಜ ಕಡಿಮೆ ಬಿದ್ದರೆ ನಮ್ಮ ಮನೆಗೇ ಬರುತ್ತಿದ್ದರು.

ಪಂಚಮಿ ಹಬ್ಬ ಬಂತೆಂದರೆ ನಮ್ಮ ಕಡೆ ಜೋಳದ ಅಳ್ಳು ಹುರಿಯುತ್ತಾರೆ. ಹಿಂದಿನ ದಿನ ಜೋಳಕ್ಕೆ ಬಿಸಿನೀರು ಚಿಮುಕಿಸಿ, ಬಟ್ಟೆಯಲ್ಲಿ ಬಿಗಿದಿಟ್ಟು, ಮರುದಿನ ನೆರಳಿಗೆ ಹರವಿ, ಕಾದ ಮರಳಲ್ಲಿ ಹಾಕಿದರೆ ಚಟಪಟ ಅರಳಿ ಮಲ್ಲಿಗೆಯಂತಾಗುತ್ತದೆ. ಆ ವರ್ಷ ಹಬ್ಬಕ್ಕೆ ನಾಲ್ಕು ದಿನ ಇದ್ದಾಗ ಅತ್ತೆ ಹಡಗಲಿಗೆ ಹೋದಳು. ಅಲ್ಲಿ ಅವಳ ಚಿಕ್ಕಮ್ಮನ ಮಗಳು ಎಣ್ಣೆ ಸಿಡಿದು ಕೈ ಸುಟ್ಟುಕೊಂಡಿದ್ದಳು, ಹಬ್ಬದ ಉಂಡಿ ಕಟ್ಟಿಕೊಡುವವರು ಇರಲಿಲ್ಲ. ಎರಡು ದಿನದಲ್ಲಿ ಬರುತ್ತೇನೆ ಎಂದು ಹೇಳಿ ಹೋದವಳು ಬರುವಷ್ಟರಲ್ಲಿ ಅಳ್ಳಿನ ಜೋಳ ಸಿದ್ಧ ಮಾಡಿಟ್ಟು ಬೆರಗುಗೊಳಿಸಬೇಕೆಂದು ನನಗೆ ಆಸೆ ಹುಟ್ಟಿತು. ಚೀಲದಲ್ಲಿದ್ದ ಉಣ್ಣುವ ಜೋಳ ಸಣ್ಣ ಕಾಳು. ಗುಡಾಣದ್ದು ಮುತ್ತಿನಂಥ ಕಾಳು. ದೊಡ್ಡ ಕಾಳಿಗೆ ದೊಡ್ಡ ಅಳ್ಳು ಎಂದು ನನ್ನ ಲೆಕ್ಕ. ದೊಡ್ಡವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಕುಡುಗೋಲಿನ ಹಿಡಿಯಿಂದ ಸೆಗಣಿಯ ಮುದ್ರೆ ಒಡೆದೆ. ಜೋಳ ಹೊರಗೆ ತೆಗೆಯಲು ಹೋದರೆ ಕೈ ಪೂರ್ತಿ ಬೂದಿಯಾಯಿತು. ಹೊರಗೆ ತೆಗೆಯುವುದೇಕೆ, ಒಳಗೇ ನೀರು ಹಾಕಿದರೆ ಗುಡಾಣವೇ ಬಟ್ಟೆಯ ಗಂಟಿನ ಕೆಲಸ ಮಾಡುತ್ತದಲ್ಲ ಎನ್ನಿಸಿತು. ಸ್ನಾನಕ್ಕೆ ಕಾಯಿಸಿದ್ದ ನೀರನ್ನು ಒಂದು ಕೊಡ ತಂದು, ನಡುಮಧ್ಯಕ್ಕೆ ಸುರಿದು, ಹಸಿ ಸೆಗಣಿ ತಂದು ಬಾಯಿ ಮೆತ್ತಿದೆ. ನೀಟಾಗಿ ಮೆತ್ತಿದೆ. ಇವತ್ತಿಗೂ ಆ ಸೆಗಣಿಯ ಮೇಲಿನ ನನ್ನ ಬೆರಳಿನ ಗೆರೆಗಳು ಕಣ್ಣಿಗೆ ಕಟ್ಟಿವೆ.

ಎರಡನೇ ದಿನ ಮಧ್ಯಾಹ್ನ ಒಳಕೋಣೆಯಿಂದ ವಾಸನೆ ಬಂತು. ದೊಡ್ಡವ್ವ ಮೂಗು ಹಿಡಿದು ಹುಡುಕಿಕೊಂಡು ಹೋಗಿ, ಗುಡಾಣದ ಬಾಯಿ ಒಡೆದು, "ಅಯ್ಯಯ್ಯೋ ಬರ್ರಿ ಇಲ್ಲಿ" ಎಂದು ಕೂಗಿದಳು. ಒಳಗಿಂದ ಬೆಚ್ಚನೆಯ ಹಬೆ ಎದ್ದಿತು. ನಾನು ಕೇಳುವ ಮೊದಲೇ ಹೇಳಿಬಿಟ್ಟೆ, ಅಳ್ಳಿಗೆ ನೆನೆಯಿಟ್ಟೆ ಎಂದು. ಹೊಲದಿಂದ ಬಂದ ದೊಡ್ಡಪ್ಪ ಒಳಗೆ ಕೈ ಹಾಕಿ, ಒದ್ದೆ ಬೂದಿ ಅಂಟಿದ ಜೋಳ ಹಿಡಿದು ತೆಗೆದು ನೋಡಿದ. ಅವನು ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ನೆಲಕ್ಕೆ ಕೂತುಬಿಟ್ಟ. "ಅಜ್ಜನ ಕಾಲದ ಬೀಜ" ಅಂದ. ಅತ್ತೆ ಹಡಗಲಿಯ ಬಸ್ಸಿಳಿದು, ಉಂಡಿಯ ಗಂಟು ಕಂಕುಳಲ್ಲಿ ಇಟ್ಟುಕೊಂಡು ಹೊಸ್ತಿಲು ದಾಟಿದಾಗ ಅವನು ಇನ್ನೂ ಅಲ್ಲೇ ಕೂತಿದ್ದ.

"ನೋಡವ್ವ ಕೊಟ್ರವ್ವ, ನಿನ್ನ ಮುದ್ದಿನ ಗಿಣಿ ಮಾಡಿದ ಕೆಲಸ. ಬೀಜ ಕೆಟ್ಟೋತು. ಹುಡುಗೀನೂ ಕೆಟ್ಟು ಹೋಗ್ಯಾಳ. ಇದನ್ನ ದನಕ್ಕ ಹಾಕ್ತೀನಿ. ದಸರಾ ಆಗಲಿ, ಅಕೀನ ಕೊಟ್ಟೂರಿಗಿ ಅವರ ಮಾವನ ಮನಿಗಿ ಕಳಿಸ್ತೀನಿ. ಅಲ್ಲಿ ಅವರ ಮಾವನ ಹೆಂಡ್ತಿ ಕೈಯಾಗ ನಾಕು ದಿನ ಕಸ ಮುಸುರಿ ಮಾಡಿದ್ರ ಬುದ್ಧಿ ಬರ್ತತಿ."

ಕೊಟ್ಟೂರಿನ ನನ್ನ ಸೋದರಮಾವ ಒಳ್ಳೆಯವನೇ. ಆದರೆ ಕೊಟ್ರತ್ತಿ ಅಲ್ಲಿಗೆ ಬರುವಂತಿರಲಿಲ್ಲ. ಅವಳು ಇಲ್ಲದ ಮನೆ ಹೇಗಿರುತ್ತದೆ ಎಂದು ನನಗೆ ಯೋಚಿಸಲಿಕ್ಕೂ ಬರುತ್ತಿರಲಿಲ್ಲ. ನಾನು ಗೋಡೆಗೆ ಅಂಟಿಕೊಂಡು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ಉಂಡಿಯ ಗಂಟು ಗೂಟಕ್ಕೆ ಹಾಕಿ, ಕೈಕಾಲು ತೊಳೆದುಕೊಂಡು ಬಂದಳು. "ಅಣ್ಣಾ, ಕೆಟ್ಟೈತಿ ಅಂದ್ರ ಏನಾಗೈತಿ?" ಅಂದಳು. ದೊಡ್ಡಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಕಣ್ಣು ಕಾಣಂಗಿಲ್ಲೇನು? ಮುಗ್ಗು ವಾಸನಿ ಓಣಿಗೆಲ್ಲಾ ಬಡೀತೈತಿ." ಅತ್ತೆ ನನ್ನ ಕೈ ಹಿಡಿದೆಳೆದು, ಮೊಣಕೈವರೆಗೆ ಗುಡಾಣದೊಳಗೆ, ಅಂಚಿಗೆ ಒತ್ತಿ ಇಳಿಸಿದಳು. "ಬಿಸಿ ಐತೇನು?" "ಇಲ್ಲ." "ಒದ್ದಿ ಐತೇನು?" "ಇಲ್ಲ." ನಡುವಿಗೆ ಸರಿಸಿದಳು. ಅಲ್ಲಿ ಕಾಳು ಬೆಚ್ಚಗಿತ್ತು, ಉಸಿರಾಡುವ ಪ್ರಾಣಿಯ ಹೊಟ್ಟೆ ಮುಟ್ಟಿದ ಹಾಗೆ. "ಬಿಸಿ" ಅಂದೆ. "ಹಂಗಾರ ನೀರು ನಡು ಹಿಡಿದು ತಳಕ್ಕ ಇಳಿದೈತಿ. ಅಂಚಿಗಿ ಹೋಗಿಲ್ಲ. ಮ್ಯಾಲಿಂದೂ ಒಣಗೈತಿ. ಅಣ್ಣಾ, ಇದನ್ನ ದನಕ್ಕ ಹಾಕಬ್ಯಾಡ, ಮುಗ್ಗಿದ್ದು ತಿಂದು ದನ ಹೊಟ್ಟಿ ಉಬ್ಬಿಸ್ಕಂತಾವ. ನನಗ ಬಿಡು."

"ಬಿಟ್ರ ಏನ್ಮಾಡ್ತಿ? ಮಂತ್ರ ಹಾಕ್ತಿಯೇನು?"

"ಬಿತ್ತಿ ತೋರಿಸ್ತೀನಿ. ಹುಟ್ಟಿದ್ರ ಹುಡುಗಿ ಇಲ್ಲೇ ಇರ್ತಾಳ."

ದೊಡ್ಡಪ್ಪ ಎದ್ದು ಟವೆಲ್ಲು ಕೊಡವಿದ. "ಹುಟ್ಟಲಿಲ್ಲಂದ್ರ?" ಎಂದು ಕೇಳಿದ. ಅತ್ತೆ ನನ್ನ ಕಡೆ ಒಮ್ಮೆ ನೋಡಿ, "ನಾನ ಕೊಟ್ಟೂರು ಬಸ್ಸಿಗಿ ಹತ್ತಿಸ್ತೀನಿ" ಅಂದಳು.

ಆ ಸಂಜೆಯೇ ಗುಡಾಣ ಖಾಲಿ ಮಾಡಲು ಕೂತೆವು. ಅವಳು ಬಟ್ಟಲು ಹಿಡಿದು ಮೇಲಿನಿಂದ ಪದರ ಪದರವಾಗಿ ತೆಗೆದಳು. ಮೇಲಿನದು ಮತ್ತು ಅಂಚಿನದು ಒಂದು ರಾಶಿ, ಕೈಗೆ ತಣ್ಣಗೆ ಒಣಗಿದ ಕಾಳು. ಸ್ವಲ್ಪ ತೇವ ತಾಕಿದ್ದು ಇನ್ನೊಂದು ರಾಶಿ. ನಡುವಿನದು, ತಳದ್ದು ಮೂರನೆಯದು, ಬೂದಿಯ ಕೆಸರಿನಲ್ಲಿ ಬಿಳಿ ಮೊಳಕೆ ಒಡೆದು, ಹಸಿರು ಬೂಜು ಕಟ್ಟಿ, ಬಿಸಿಯಾಗಿ ನಾರುತ್ತಿತ್ತು. ಒಂದೊಂದು ಹಿಡಿಯನ್ನೂ ನನ್ನ ಮೂಗಿಗೆ ಹಿಡಿದು, "ಇದು ಯಾವ ರಾಶಿ?" ಎಂದು ಕೇಳಿ, ತಪ್ಪು ಹೇಳಿದರೆ ತಲೆಗೆ ಮೊಟಕುತ್ತಿದ್ದಳು. ಹಾಗೆ ಆರಿಸುತ್ತಿರುವಾಗಲೇ, ನನ್ನನ್ನು ನೋಡದೆ, ತನ್ನ ಗಂಡನ ಮನೆಯ ಮಾತು ಹೇಳಿದಳು. ಮತ್ತೆಂದೂ ಹೇಳಲಿಲ್ಲ. "ಏಳು ವರ್ಷ ಇದ್ದೆ ಅಲ್ಲಿ. ಕೂಸು ಆಗಲಿಲ್ಲ. ಕೆಟ್ಟ ಹೊಲ ಅಂದ್ರು ನನ್ನ. ಏನಾಗೈತಿ ಅಂತ ಒಬ್ರೂ ಕೇಳಲಿಲ್ಲ. ಡಾಕ್ಟ್ರನ್ನ ಕೇಳಲಿಲ್ಲ, ನನ್ನ ಕೇಳಲಿಲ್ಲ, ಅವನನ್ನಂತೂ ಕೇಳಾಕ ಹೋಗಲೇ ಇಲ್ಲ. ಕೆಟ್ಟೈತಿ ಅಂದ್ರು, ಗಾಡಿ ಕಟ್ಟಿದ್ರು. ಇದು ಯಾವ ರಾಶಿ ನೋಡು." ನಾನು ಮೂಸಿ ನೋಡಿ ಎರಡನೆಯದು ಎಂದೆ. "ಹೌದು" ಅಂದಳು.

ಮುಗ್ಗಿದ ರಾಶಿಯನ್ನು ತಿಪ್ಪೆಗೆ ಹೊರುವ ಕೆಲಸ ನನಗೇ ಬಂತು. ಪುಟ್ಟಿಯಲ್ಲಿ ತುಂಬಿ, ತಲೆಯ ಮೇಲಿಟ್ಟು, ಓಣಿಯ ಉದ್ದಕ್ಕೂ ಏಳು ಸಲ ನಡೆದೆ. ಕಟ್ಟೆಯ ಮೇಲೆ ಕೂತವರು ಬಿಡುತ್ತಾರೆಯೇ? "ಏನವಾ ನಾಗಿ, ಅಳ್ಳು ಮಾರಾಕ ಹೊಂಟಿಯೇನ?" "ಒಂದು ಸೇರು ನಮಗೂ ಕೊಡಲೇ, ಪಂಚಮಿ ಬಂತು!" ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ನನ್ನ ಕೈಯಿಂದ ಪುಟ್ಟಿ ತೆಗೆದುಕೊಳ್ಳಲಿಲ್ಲ. ಮುದ್ದು ಮಾಡಿ ಕೆಡಿಸಿದಳು ಎಂದವರು ಆ ದಿನ ಅವಳ ಮುಖ ನೋಡಬೇಕಿತ್ತು. ಏಳನೆಯ ಸಲ ಬಂದಾಗ ನನ್ನ ತಲೆಯಿಂದ ಇಳಿಯುತ್ತಿದ್ದ ಕೆಸರನ್ನು ಸೆರಗಿನಿಂದ ಒರೆಸಿ, ಬಿಸಿನೀರು ಎರೆದು, ಹಡಗಲಿಯ ಉಂಡಿ ಕೈಗಿಟ್ಟಳು.

ಉಳಿದ ಎರಡು ರಾಶಿಗಳನ್ನು ನೆರಳಲ್ಲಿ ಹರವಿ, ದಿನಕ್ಕೆ ಮೂರು ಸಲ ಕೈಯಾಡಿಸಿ ಒಣಗಿಸಿದೆವು. ಆಮೇಲೆ ಪರೀಕ್ಷೆ. ಒಂದೊಂದು ರಾಶಿಯಿಂದ ನೂರು ಕಾಳು ಎಣಿಸಿ, ಅವಳ ಹಳೆ ಸೀರೆಯ ತುಂಡಿನಲ್ಲಿ ಸುತ್ತಿ, ಒದ್ದೆ ಮಾಡಿ ನೀರಿನ ಹರವಿಯ ಪಕ್ಕ ಇಟ್ಟಳು. ಮೂರು ದಿನ ನಾನು ಆ ಎರಡು ಬಟ್ಟೆಯ ಸುರುಳಿಗಳ ಕಾವಲು ಕಾದೆ. ಶಾಲೆಯಿಂದ ಓಡಿ ಬಂದು ಮೊದಲು ಅದನ್ನೇ ನೋಡುತ್ತಿದ್ದೆ. ಬಿಚ್ಚಿದಾಗ ಒಣಗಿದ ರಾಶಿಯಲ್ಲಿ ತೊಂಬತ್ತೊಂದು ಕಾಳಿಗೆ ಮೊಳಕೆ. ತೇವ ತಾಕಿದ್ದರಲ್ಲಿ ಐವತ್ತೆಂಟು. ನಾನು ಕುಣಿದಾಡಿಬಿಟ್ಟೆ. ದೊಡ್ಡಪ್ಪ ಬಾಗಿ ನೋಡಿ, "ಅರಿವ್ಯಾಗ ಹುಟ್ಟೋದು ಬ್ಯಾರೆ, ಎರಿಯಾಗ ಹುಟ್ಟೋದು ಬ್ಯಾರೆ" ಎಂದು ಹೊರಗೆ ಹೋದ. ಆದರೂ ಆ ರಾತ್ರಿ ಊಟದಲ್ಲಿ ಅವನು ಎರಡು ರೊಟ್ಟಿ ಹೆಚ್ಚಿಗೆ ಉಂಡನೆಂದು ದೊಡ್ಡವ್ವ ನನ್ನ ಕಿವಿಯಲ್ಲಿ ಹೇಳಿದಳು.

ಉತ್ತರಿ ಮಳೆ ಎರಡು ದಿನ ಹೊಡೆದು ಬಿಟ್ಟಿತು. ಎರೆ ಹದಕ್ಕೆ ಬಂದ ದಿನ ನಸುಕಿನಲ್ಲೇ ಹೊಲಕ್ಕೆ ಹೋದೆವು. ನಮ್ಮಲ್ಲಿ ಎತ್ತಿನ ಕೂರಿಗೆಯ ಹಿಂದೆ ನಡೆಯುತ್ತ, ಅದರ ಮೇಲಿನ ಮರದ ಬಟ್ಟಲಿಗೆ ಬೀಜ ಬಿಡುವುದು ಹೆಂಗಸರ ಕೆಲಸ. ಮನೆಯ ಮುತ್ತೈದೆಯೇ ಬಿಡಬೇಕು, ಮಕ್ಕಳಾದವಳ ಕೈಯೇ ಆಗಬೇಕು ಎಂಬ ಪದ್ಧತಿ. ಹಾಗಾಗಿ ಬೀಜ ಆರಿಸಿ, ಕಾಪಾಡಿ, ಹೊಲದ ಬದುವಿನವರೆಗೆ ಹೊತ್ತು ತರುತ್ತಿದ್ದ ಅತ್ತೆ ಅಲ್ಲಿಂದ ಮುಂದೆ ಕಾಲಿಡುತ್ತಿರಲಿಲ್ಲ. ಪ್ರತಿ ವರ್ಷ ಬದುವಿನ ಮೇಲೆ ಕೂತು ನೋಡುತ್ತಿದ್ದಳು. ಒಣಗಿದ ಬೀಜವನ್ನು ದೊಡ್ಡವ್ವ ಬಿಟ್ಟಳು. ಮಧ್ಯಾಹ್ನದ ಹೊತ್ತಿಗೆ ಎರಡನೆಯ ಚೀಲಕ್ಕೆ ಬಂದರು. ಅದರಲ್ಲಿ ಅರ್ಧ ಹುಟ್ಟಿದರೆ ಅರ್ಧ ಹುಟ್ಟುವುದಿಲ್ಲ, ಆದ್ದರಿಂದ ದಟ್ಟವಾಗಿ, ಆದರೆ ಒಂದೇ ಸಮನೆ ಬಿಡಬೇಕು ಎಂದು ಅತ್ತೆ ಬದುವಿನಿಂದಲೇ ಕೂಗಿ ಹೇಳಿದಳು. ದೊಡ್ಡವ್ವ ನಾಲ್ಕು ಹೆಜ್ಜೆ ಹೋಗಿ, ಒಂದು ಕಡೆ ಗುಂಪಾಗಿ ಬಿಟ್ಟು, ಒಂದು ಕಡೆ ಖಾಲಿ ಬಿಟ್ಟು, ಸೆರಗಿನಿಂದ ಬೆವರು ಒರೆಸಿಕೊಂಡು ನಿಂತಳು.

"ನನಗ ಈ ಲೆಕ್ಕ ಬಗಿಹರಿಯಂಗಿಲ್ಲವ್ವ ಕೊಟ್ರವ್ವ. ನಿನ್ನ ಕೈಗಿ ಗೊತ್ತೈತಿ. ಬಾ, ನೀನ ಬಿಡು."

ಎತ್ತುಗಳು ಬಾಲ ಬೀಸುತ್ತ ನಿಂತಿದ್ದವು. ಅತ್ತೆ ಅಣ್ಣನ ಮುಖ ನೋಡಿದಳು. ದೊಡ್ಡಪ್ಪ ಎತ್ತಿನ ಕೊರಳಿನ ಹಗ್ಗ ಸರಿಮಾಡುವವನ ಹಾಗೆ ಬಾಗಿ, ತಿರುಗಿ ನೋಡದೆ ಹೇಳಿದ, "ಹೊತ್ತು ಹೋಗ್ತತಿ. ಬಾರವ್ವ." ಅವಳು ಸೀರೆ ಮೇಲಕ್ಕೆ ಕಟ್ಟಿ, ಉಡಿಯಲ್ಲಿ ಬೀಜ ತುಂಬಿಕೊಂಡು ಎರೆಗೆ ಕಾಲಿಟ್ಟಳು. ಅವಳ ಹಿಂದೆ ನಾನು. ಮುಷ್ಟಿಯ ಸಂದಿಯಿಂದ ಬಟ್ಟಲಿಗೆ ಜಾರುತ್ತಿದ್ದ ಕಾಳಿನ ಸದ್ದು ನಡುವೆ ಎಲ್ಲೂ ತುಂಡಾಗಲಿಲ್ಲ, ಸಾಲಿನ ಆ ತುದಿಯವರೆಗೂ ಸಣ್ಣ ಮಳೆ ಬಿದ್ದಂತೆ ಒಂದೇ ಸಮನೆ ಕೇಳಿತು. ತಿರುಗುವಾಗ ಅವಳು ನಗುತ್ತಿದ್ದಳು. ಕಾಲು ಮೊಣಕಾಲವರೆಗೆ ಕರಿ ಎರೆ, ಹಣೆಯ ಮೇಲೆ ಬೆವರು, ಅಷ್ಟು ಚೆಂದದ ಹೆಂಗಸನ್ನು ನಾನು ಆಮೇಲೆ ಎಲ್ಲೂ ನೋಡಲಿಲ್ಲ.

ಆರನೆಯ ದಿನ ಬೆಳಿಗ್ಗೆ ದೊಡ್ಡಪ್ಪ ನಮ್ಮಿಬ್ಬರನ್ನು ಎಬ್ಬಿಸಿ ಕರೆದುಕೊಂಡು ಹೋದ. ಬದು ಹತ್ತಿದಾಗ ಸೂರ್ಯ ಇನ್ನೂ ಹೊಳೆಯ ಆಚೆಯ ಗಿಡಗಳ ಹಿಂದೆ ಇದ್ದ. ಕರಿ ನೆಲದ ಮೇಲೆ ಹಸಿರು ಗೆರೆಗಳು. ಮೊದಲ ಬೀಜದ ಸಾಲುಗಳು ಹಣಿಗೆಯಿಂದ ಬಾಚಿದ ಹಾಗೆ ಎದ್ದಿದ್ದವು. ಎರಡನೆಯ ಬೀಜದ ಕಡೆ ನಡೆದೆವು. ಅಲ್ಲಿ ಅಲ್ಲಲ್ಲಿ ಗೇಣುದ್ದ ಬರಿದು ಜಾಗ ಇತ್ತು. ದೊಡ್ಡವ್ವ ಬಿಟ್ಟ ನಾಲ್ಕು ಹೆಜ್ಜೆಯಲ್ಲಿ ಒಂದು ಗುಂಪು, ಒಂದು ಬಯಲು. ಅದರಾಚೆ ಅತ್ತೆಯ ಸಾಲುಗಳು ಹೊಲದ ಕೊನೆಯವರೆಗೆ ನಿಂತಿದ್ದವು, ಎರಡೆಲೆಯ ಸಸಿಗಳು, ಒಂದೊಂದರ ತುದಿಗೂ ಒಂದೊಂದು ಹನಿ. ದೊಡ್ಡಪ್ಪ ಕುಕ್ಕರಗಾಲಲ್ಲಿ ಕೂತು ಒಂದು ಸಸಿಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಎದ್ದು ಅತ್ತೆಯ ಕಡೆ ತಿರುಗಿದ.

"ನಾನ ತಪ್ಪು ಮಾತಾಡಿದೆ ಕೊಟ್ರವ್ವ. ಹುಡುಗೀನ ನೀನ ಇಟ್ಕ."

"ಇಟ್ಕೊಳ್ಳಾಕ ಅಕಿ ಏನು ಗಡಿಗಿ ಏನಣ್ಣಾ?" ಅಂದಳು ಅತ್ತೆ. "ಅಕಿ ಇರ್ತಾಳ."

ಈಗ ಆ ಹೊಲದಲ್ಲಿ ಮೆಕ್ಕೆಜೋಳ. ಬೀಜ ಪ್ರತಿ ವರ್ಷ ಹರಪನಹಳ್ಳಿಯ ಅಂಗಡಿಯಿಂದ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಅದನ್ನು ಮರುವರ್ಷಕ್ಕೆ ಯಾರೂ ಎತ್ತಿಡುವುದಿಲ್ಲ, ಎತ್ತಿಟ್ಟರೂ ಮೊದಲಿನಂತೆ ಬೆಳೆಯುವುದಿಲ್ಲವಂತೆ. ದೊಡ್ಡಪ್ಪ, ದೊಡ್ಡವ್ವ, ಅಪ್ಪ, ಎಲ್ಲರೂ ಹೋದರು. ಮನೆ ಮೂರು ಪಾಲಾಯಿತು. ಬಿಳಿಜೋಳದ ಆ ತಳಿ ನಮ್ಮ ಸೀಮೆಯಲ್ಲಿ ಎಲ್ಲಾದರೂ ಉಳಿದಿದೆಯೋ ಇಲ್ಲವೋ ನನಗೆ ತಿಳಿಯದು. ನಿಮ್ಮ ಮನೆಗಳಲ್ಲೂ ಹೀಗೆ ಕಣ್ಣೆದುರೇ ಜಾರಿಹೋದ ಏನೋ ಒಂದು ಇರುತ್ತದೆ, ಅದರ ಹೆಸರು ನಿಮಗಷ್ಟೇ ಗೊತ್ತಿರುತ್ತದೆ. ಆದರೆ ಆ ವರ್ಷದಿಂದ, ಹೊಲ ಪಾಲಾಗುವವರೆಗೆ, ನಮ್ಮ ಮನೆಯ ಬಿತ್ತನೆಗೆ ಬೀಜ ಬಿಟ್ಟದ್ದು ಕೊಟ್ರತ್ತಿಯ ಕೈಯೇ. ಓಣಿಯ ಬೇರೆ ಮನೆಯವರೂ ಅವಳನ್ನು ಕರೆದುಕೊಂಡು ಹೋಗುತ್ತಿದ್ದರು, ಮೊದಲ ಮುಷ್ಟಿ ನಿನ್ನದೇ ಆಗಲವ್ವ ಎಂದು.

ನನ್ನನ್ನು ಅದೇ ಓಣಿಯ ಗಿರಣಿಯವರ ಮನೆಗೆ ಕೊಟ್ಟರು. ನಾಲ್ಕು ಬಾಗಿಲು ದಾಟಿದರೆ ನನ್ನ ಗಂಡನ ಮನೆ. ಅತ್ತೆಗೆ ವಯಸ್ಸಾದ ಮೇಲೆ ಅವಳ ಹಾಸಿಗೆ ನಮ್ಮ ಪಡಸಾಲೆಗೆ ಬಂತು. ಅವಳು ಹೋದ ದಿನ ಬೆಳಿಗ್ಗೆ ನನ್ನ ಕೈಯಿಂದ ಎರಡು ಚಮಚ ಅಂಬಲಿ ಕುಡಿದು, ಸಾಕು ಎಂದು ಮುಖ ತಿರುಗಿಸಿದಳು. ಹಡಗಲಿಯಿಂದ, ಕಾನಹೊಸಹಳ್ಳಿಯಿಂದ ನೆಂಟರು ಫೋನಿನಲ್ಲಿ ಸುದ್ದಿ ಕೇಳಿ, ಬಸ್ಸು ಹಿಡಿದು, ಬಾಯಿಗೆ ಸೆರಗು ಹಚ್ಚಿಕೊಂಡು, ಹೊತ್ತಾಯಿತೇನೋ ಎಂದು ಓಡುತ್ತ ಬಂದರು. ನಾನು ಕೊಟ್ಟೂರಿನಿಂದ ಹಾಗೆ ಬರಬೇಕಾಗಲಿಲ್ಲ. ಅವಳ ತಲೆ ನನ್ನ ತೊಡೆಯ ಮೇಲಿತ್ತು. ನಾನು ಅಲ್ಲೇ ಇದ್ದೆ.